ತಿರುಗುವುದಕ್ಕೆ ಕುಂಕುಮವಿಲ್ಲ

ಪೋತ್ತನೂರು ಜಂಕ್ಷನ್ನಿನಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಆಚೆ ಹಳಿಯ ಮೇಲೆ ನಿಂತಿದ್ದ ಬೋಗಿಯ ಕೆಳಗೆ ಇಬ್ಬರು ಕೆಲಸಗಾರರು ಕುಕ್ಕರುಗಾಲಲ್ಲಿ ಕೂತು ಏನನ್ನೋ ಬಿಚ್ಚುತ್ತಿದ್ದರು. ಅಲ್ಲಿಂದ ಗ್ರೀಸಿನ ವಾಸನೆ ತೇಲಿ ಬಂತು ನೋಡಿ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಗ್ರೀಸೇನೂ ನನಗೆ ಹೊಸದಲ್ಲ. ವಿಮಾನ ರಿಪೇರಿಯೇ ನನ್ನ ಹೊಟ್ಟೆಪಾಡು, ದಿನಾ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ವಾಸನೆ ಅದು. ಆದರೆ ಮಳೆನೀರು, ಗ್ರೀಸು, ಪಕ್ಕದಲ್ಲೇ ಹೂ ಮಾರುವವಳ ಬುಟ್ಟಿಯ ಮಲ್ಲಿಗೆ, ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದು ಏಳು ವರ್ಷದ ಮೇಲೆ. ಸುಮ್ಮನೆ ಒಂದು ನಿಮಿಷ ಬ್ಯಾಗು ಕೆಳಗಿಟ್ಟು ನಿಂತೆ. ಹಿಂದಿನಿಂದ ಬಂದ ಯಾರೋ ತಮಿಳಿನಲ್ಲಿ ಬೈದುಕೊಂಡು ಸರಿದುಹೋದರು. ಬೈಯಲಿ ಬಿಡಿ, ಅದೂ ಹಳೆಯ ನೆನಪೇ.

ನಾನು ಹೊರಟಿದ್ದು ಅವಿನಾಶಿಯ ಹತ್ತಿರ ರಂಗಕ್ಕನ ಮನೆಗೆ. ಅವಳ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಕರೆಯೋಲೆ ತಮಿಳಿನಲ್ಲಿತ್ತು, ಓದಲು ಬರಲಿಲ್ಲ. ಫೋನಿನಲ್ಲಿ ರಂಗಕ್ಕ ಒಂದೇ ಮಾತು ಹೇಳಿದ್ದಳು: "ಬರ್ದೇ ಇದ್ರೆ ನೋಡು."

ಏಳು ವರ್ಷದ ಹಿಂದೆ ಇದೇ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಬ್ಬಿಣದ ಟ್ರಂಕು, ಒಂದು ಹೊಸ ಲೈಸೆನ್ಸು ಹಿಡಿದುಕೊಂಡು ಇಳಿದಿದ್ದೆ. ತಿಪಟೂರಿನ ಹುಡುಗಿ, ಮಾತು ಜೋರು, ಅನುಭವ ಅಷ್ಟಕ್ಕಷ್ಟೆ. ಕೊಯಮತ್ತೂರಿನಿಂದ ಅವಿನಾಶಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಜೋಳದ ಹೊಲಗಳ ನಡುವೆ ಒಂದು ಪುಟ್ಟ ವಿಮಾನ ತರಬೇತಿ ಶಾಲೆಯಿತ್ತು. ಒಂದು ರನ್‌ವೇ, ವಿಮಾನ ನಿಲ್ಲಿಸಲು ಒಂದು ತಗಡಿನ ಹ್ಯಾಂಗರ್, ಮೂರು ವಿಮಾನ. ಹ್ಯಾಂಗರಿನ ಬೆನ್ನಿಗೇ ಮಗ್ಗದ ಶೆಡ್ಡು, ಇಡೀ ದಿನ ಟಕಟಕಟಕ. ವಿಮಾನದ ಇಂಜಿನ್ ನಿಂತರೂ ಮಗ್ಗ ನಿಲ್ಲುತ್ತಿರಲಿಲ್ಲ. ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಒಂದು ರೂಮು ಹಿಡಿದು, ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಡುತ್ತಿದ್ದೆ.

ಅಲ್ಲಿ ಮುಖ್ಯ ಇಂಜಿನಿಯರು ಸುಂದರಂ ಸಾರ್. ಕಡಿಮೆ ಮಾತಿನ ಮನುಷ್ಯ. ಮೊದಲ ವಾರವೇ ನನ್ನನ್ನು ಪ್ರೊಪೆಲರಿನ ಮುಂದೆ ನಿಲ್ಲಿಸಿ, ಬ್ಲೇಡಿನ ಮೇಲಿದ್ದ ಒಂದು ಕಪ್ಪು ಗೆರೆ ತೋರಿಸಿ, "ಇದು ಎಣ್ಣೆಯೋ ಗ್ರೀಸೋ?" ಅಂತ ಕೇಳಿದರು. ನಾನು ನೋಡಿದ್ದೇ ತಡ "ಗ್ರೀಸ್" ಅಂದೆ. ಅವರು ಬೆರಳಲ್ಲಿ ತೆಗೆದು, ಇನ್ನೊಂದು ಬೆರಳಿಗೆ ಉಜ್ಜಿ, ಮೂಸಿ, ನನ್ನ ಮೂಗಿಗೂ ಹಿಡಿದರು. ಇಂಜಿನ್ ಎಣ್ಣೆಯ ಸುಟ್ಟ ವಾಸನೆ. "ಕಣ್ಣು ಆಮೇಲೆ, ಮೊದಲು ಬೆರಳು," ಅಂದರು. ತಿರುಗುವ ವಸ್ತುವಿನಲ್ಲಿ ಎಣ್ಣೆ ಒಂದು ಕಡೆ ಸೋರಿ ಇನ್ನೊಂದು ಕಡೆ ಹೋಗಿ ಕೂರುತ್ತದೆ, ಅದಕ್ಕೆ ಸೋರಿದ್ದು ಎಲ್ಲಿ ಕಂಡಿತು ಎನ್ನುವುದಕ್ಕಿಂತ ಎಲ್ಲಿಂದ ಹೊರಟಿತು ಎಂದು ಹುಡುಕಬೇಕು ಎಂದು ಕಲಿಸಿದರು. ಹುಡುಕುವ ಬಗೆಯೂ ಸರಳ. ಎಲ್ಲವನ್ನೂ ಚೆನ್ನಾಗಿ ತೊಳೆದು ಒಣಗಿಸಬೇಕು, ಬಿಳಿ ಪೌಡರ್ ಉದುರಿಸಬೇಕು, ಎರಡು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಬೇಕು. ಸೋರುವ ಜಾಗ ತಾನಾಗಿ ಪೌಡರಿನ ಮೇಲೆ ಗೆರೆ ಎಳೆದು ತೋರಿಸುತ್ತದೆ. ಅದಕ್ಕಾಗಿ ಬೆಂಚಿನ ಮೇಲೆ ಯಾವಾಗಲೂ ಒಂದು ಡಬ್ಬಿ ಮುಖದ ಪೌಡರ್ ಇರುತ್ತಿತ್ತು. ಹೊಸಬರು ಅದು ನನ್ನದೇ ಅಂದುಕೊಂಡು ಮುಸಿಮುಸಿ ನಗುತ್ತಿದ್ದರು.

ರಂಗಕ್ಕ ಸಿಕ್ಕಿದ್ದು ಎರಡನೇ ವಾರ. ಅಮ್ಮನ ಜೊತೆ ಫೋನಿನಲ್ಲಿ "ಇಲ್ಲಿ ಒಬ್ಬರಾದರೂ ನಮ್ಮ ಭಾಷೆ ಮಾತಾಡೋರಿಲ್ಲ ಕಣಮ್ಮ" ಎಂದು ಗೋಳು ಹೇಳಿಕೊಳ್ಳುತ್ತಿದ್ದೆ. ಬಕೆಟ್ಟು ಹಿಡಿದು ವಿಮಾನದ ಹೊಟ್ಟೆ ಒರೆಸುತ್ತಿದ್ದ ಹೆಂಗಸು ಅಲ್ಲಿಂದಲೇ ತಲೆ ಎತ್ತಿದಳು.

"ಯಾಕಿಲ್ಲ ಅಮ್ಮಣಿ? ನಾವ್ ಮನೇಲಿ ಇದೇ ಮಾತೇ ಆಡದು. ನೀ ಆಡದು ವಸಿ ಪುಸ್ತಕದಂಗೆ ಅದೆ, ಅಷ್ಟೇ."

ಐವತ್ತರ ಆಸುಪಾಸು, ಮೂಗಿನ ಎರಡೂ ಕಡೆ ಬೊಟ್ಟು, ಕಚ್ಚೆ ಕಟ್ಟಿದ ಹಾಗೆ ಸೊಂಟಕ್ಕೆ ಸಿಕ್ಕಿಸಿದ ಸೀರೆ. ಯಾವ ಕಾಲದಲ್ಲೋ ಘಟ್ಟ ಇಳಿದು ಬಂದು ಬೇಸಾಯಕ್ಕೆ ನಿಂತ ಒಕ್ಕಲು ಮನೆತನ. ಕನ್ನಡ ಅಕ್ಷರ ಒಂದೂ ಗೊತ್ತಿಲ್ಲ. "ಬರಿಯಾಕೆ ತಮಿಳು, ಬೈಯಾಕೆ ನಮ್ಮ ಮಾತು," ಅನ್ನುತ್ತಿದ್ದಳು. ವಿಮಾನ ಒರೆಸುವುದು, ಹ್ಯಾಂಗರ್ ಗುಡಿಸುವುದು, ಎಣ್ಣೆ ಬಟ್ಟೆ ಒಗೆಯುವುದು ಅವಳ ಕೆಲಸ. ಶುಕ್ರವಾರ ಬೆಳಿಗ್ಗೆ ಮೂರೂ ವಿಮಾನಕ್ಕೆ ಊದುಬತ್ತಿ ಬೆಳಗಿ, ಅರಿಶಿನ ಕುಂಕುಮ ಇಟ್ಟು, ಮಲ್ಲಿಗೆ ಸಿಕ್ಕಿಸುವುದೂ ಅವಳೇ. ಅದು ಕೆಲಸದ ಪಟ್ಟಿಯಲ್ಲಿ ಇರಲಿಲ್ಲ, ಯಾರೂ ಬೇಡ ಅಂದಿರಲೂ ಇಲ್ಲ. ಮೂರರಲ್ಲಿ ದೊಡ್ಡ ವಿಮಾನಕ್ಕೆ ಅವಳು ಇಟ್ಟ ಹೆಸರು ದೊಡ್ಡಕ್ಕ. ಒಗೆಯುವ ಬಟ್ಟೆ ನೋಡಿಯೇ "ಚಿಕ್ಕದು ಈ ವಾರ ಜಾಸ್ತಿ ಕುಡಿತಾ ಅದೆ" ಅನ್ನುವಳು. ನಾನು ನಗುತ್ತಿದ್ದೆ. ಎಣ್ಣೆ ಅಳೆದು ನೋಡಿದರೆ ಅವಳು ಹೇಳಿದ್ದು ನಿಜವಾಗಿರುತ್ತಿತ್ತು.

ಆಡಿ ಮಾಸ, ಅಂದರೆ ನಮ್ಮ ಆಷಾಢ, ಬಂತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ತಗಡನ್ನೆಲ್ಲ ಗಡಗಡ ಅಲ್ಲಾಡಿಸುತ್ತಿತ್ತು. ಅಂಥ ಒಂದು ಶುಕ್ರವಾರ ದೊಡ್ಡಕ್ಕನ ಒಂದು ಬ್ಲೇಡಿನ ಮೇಲೆ ಕೆಂಪು ಗೆರೆ ಕಂಡಿತು. ಹಿಡಿದ ಕೆಲಸ ಅಲ್ಲೇ ಬಿಟ್ಟೆ. ಯಾಕೆಂದರೆ ದೊಡ್ಡಕ್ಕನದು ಬೇರೆ ಜಾತಿಯ ಪ್ರೊಪೆಲರು. ಬ್ಲೇಡುಗಳನ್ನು ಹಿಡಿದುಕೊಂಡಿರುವ ನಡುವಿನ ಗುಂಬಕ್ಕೆ ಹಬ್ ಅನ್ನುತ್ತಾರೆ. ಈ ಜಾತಿಯದರಲ್ಲಿ ಹಬ್ಬಿನೊಳಗೆ ಗ್ರೀಸಿನ ಬದಲು ಕೆಂಪು ಬಣ್ಣ ಬೆರೆಸಿದ ಎಣ್ಣೆ ತುಂಬಿರುತ್ತಾರೆ. ಹಬ್ಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕೆಂಪು ಹೊರಗೆ ಬಂದು ಹೇಳಲಿ ಅಂತ. ಬಿರುಕು ಬೆಳೆದರೆ ಬ್ಲೇಡು ಗಾಳಿಯಲ್ಲೇ ಕಳಚಿ ಹೋಗಬಹುದು. ಆಮೇಲಿನದು ಹೇಳುವುದು ಬೇಡ.

ನಾನು ತಕ್ಷಣ ವಿಮಾನ ನಿಲ್ಲಿಸಿದೆ. ಎರಡು ಹಾರಾಟ ರದ್ದು. ಪ್ರೊಪೆಲರಿನ ಮುಂದಿನ ಟೋಪಿಯಂಥ ಮುಚ್ಚಳ ಬಿಚ್ಚಿ, ಅರ್ಧ ದಿನ ತಡಕಾಡಿದೆ. ಊಟದ ಹೊತ್ತಿಗೆ ಸುಂದರಂ ಸಾರ್ ಬಂದರು. ಉಳಿದಿದ್ದ ಗೆರೆಯನ್ನು ಬೆರಳಿಗೆ ತೆಗೆದು ಉಜ್ಜಿ, ನನ್ನ ಅಂಗೈಗೆ ಒರೆಸಿದರು. ತರಿತರಿಯಾಗಿತ್ತು. ಹುಡಿ.

"ಇದು ಕ್ರ್ಯಾಕ್ ಅಲ್ಲಮ್ಮಾ," ಅಂದರು ತಣ್ಣಗೆ, "ಶುಕ್ರವಾರ."

ಹ್ಯಾಂಗರ್ ಹ್ಯಾಂಗರೇ ನಕ್ಕಿತು. ಕುಂಕುಮ ಎಣ್ಣೆಯ ಜಿಡ್ಡಿನಲ್ಲಿ ಬೆರೆತು ಹರಿದಿತ್ತು. ಅವತ್ತಿನಿಂದ ನನ್ನ ಹೆಸರು ಕುಂಕುಮ ಇಂಜಿನಿಯರ್. ಬೆರಳು ಮೊದಲು ಅನ್ನುವುದನ್ನು ಮರೆತದ್ದು ನಾನು, ಆದರೆ ಸಿಟ್ಟು ಇಳಿದದ್ದು ರಂಗಕ್ಕನ ಮೇಲೆ. ಎಲ್ಲರ ಮುಂದೆ ಕೂಗಾಡಿದೆ. "ನಿಮ್ಮ ಪೂಜೆಯಿಂದ ನನ್ನ ಮಾನ ಹೋಯ್ತು! ಇದೇನು ಗುಡಿಯಾ?" ಅವಳು ಬಟ್ಟೆ ಹಿಂಡುತ್ತಾ ನಿಂತಿದ್ದಳು. ಆಮೇಲೆ ನಾನು ಪೆಟ್ರೋಲ್ ಗೋದಾಮಿನ ಹಿಂದೆ ಹೋಗಿ, ತಿಪಟೂರಿಗೆ ವಾಪಸು ಹೋಗಿಬಿಡಬೇಕು ಅಂದುಕೊಂಡು ಅತ್ತೆ. ಸ್ವಲ್ಪ ಹೊತ್ತಿಗೆ ಒಂದು ಲೋಟ ಚಹಾ ಪಕ್ಕಕ್ಕೆ ಬಂತು. ತಿರುಗಿ ನೋಡುವಷ್ಟರಲ್ಲಿ ರಂಗಕ್ಕ ಹೊರಟುಹೋಗಿದ್ದಳು. ನಾನು ಕ್ಷಮೆ ಕೇಳಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಕ್ಟೋಬರಿಗೆ ಮಳೆ ದಿಕ್ಕು ಬದಲಿಸಿತು. ಬೆಳಿಗ್ಗೆ ತಿಳಿ ಆಕಾಶ, ಮಧ್ಯಾಹ್ನ ಗುಡುಗು. ನಮ್ಮಲ್ಲಿ ಹುಬ್ಬಳ್ಳಿಯ ಆಯೇಷಾ ಅನ್ನುವ ವಿದ್ಯಾರ್ಥಿನಿ ಇದ್ದಳು. ದೊಡ್ಡಕ್ಕನಲ್ಲಿ ಒಬ್ಬಳೇ ದೂರ ಹೋಗಿ ಬರುವ ಹಾರಾಟವೊಂದು ಮುಗಿದರೆ ಅವಳ ಪಾಠ ಮುಂದಕ್ಕೆ ಹೋಗುತ್ತಿತ್ತು. ಮಳೆಗೆ ಮೂರು ಸಲ ತಪ್ಪಿತ್ತು. ಆಯುಧಪೂಜೆಯ ಮಾರನೆಯ ದಿನ ಬೆಳಿಗ್ಗೆಗೆ ಮತ್ತೆ ನಿಗದಿಯಾಯಿತು. ಮಗಳು ಒಬ್ಬಳೇ ಹಾರುವುದನ್ನು ನೋಡಲೆಂದು ಅವಳಪ್ಪ ಹುಬ್ಬಳ್ಳಿಯಿಂದ ಬಂದಿದ್ದರು. ಹೊಲಿಗೆ ಅಂಗಡಿ ಇಟ್ಟುಕೊಂಡ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹ್ಯಾಂಗರಿನ ಬಾಗಿಲ ಬೆಂಚಿನಲ್ಲಿ ಬೆಳಕು ಹರಿಯುವ ಮೊದಲೇ ಕೂತಿದ್ದರು.

ಸುಂದರಂ ಸಾರ್ ಹಬ್ಬಕ್ಕೆ ಊರಿಗೆ ಹೋಗಿದ್ದರು. ವಿಮಾನ ಹಾರಲು ಯೋಗ್ಯ ಎಂದು ಬರೆದು ಸಹಿ ಮಾಡಬೇಕಾದವಳು ನಾನೊಬ್ಬಳೇ.

ಹಿಂದಿನ ದಿನದ ಹಬ್ಬದ ಗುರುತು ಎಲ್ಲೆಲ್ಲೂ ಇತ್ತು. ಬಾಳೆಕಂದು, ಕಡಲೆಪುರಿ, ಬಾಗಿಲಲ್ಲಿ ಕುಂಕುಮ ತುಂಬಿ ಒಡೆದ ಬೂದುಗುಂಬಳದ ಹೋಳು, ನೆಲವೆಲ್ಲ ಕೆಂಪು. ಇಂಜಿನ್ ಓಡಿಸಿ ನೋಡಿ ನಿಲ್ಲಿಸಿದೆ. ಶಬ್ದ ಚೆನ್ನಾಗಿತ್ತು. ಇಳಿದು ಸುತ್ತ ಬಂದಾಗ ದೊಡ್ಡಕ್ಕನ ಒಂದು ಬ್ಲೇಡಿನ ಬುಡದಲ್ಲಿ, ನಾಲ್ಕು ಬೆರಳು ಉದ್ದ, ಕೆಂಪು ಗೆರೆ.

ಅಯ್ಯೋ ಶಿವನೇ, ಮತ್ತೆ ಶುರುವಾಯ್ತಲ್ಲ ಅಂದುಕೊಂಡೆ. ನೆಲದ ಕುಂಕುಮ ಗಾಳಿಗೆ ಎದ್ದು ಕೂತಿರಬೇಕು. ಮನಸ್ಸಿನ ಒಂದು ಮೂಲೆ 'ಉಜ್ಜಿ ನೋಡು' ಅಂದಿತು. ಇನ್ನೊಂದು ಮೂಲೆಯಲ್ಲಿ ಆಡಿ ಮಾಸದ ನಗು ಕೇಳಿಸಿತು. ಸುಂದರಂ ಸಾರ್‌ಗೆ ಫೋನು ಮಾಡಲು ತೆಗೆದೆ, ಮತ್ತೆ ಜೇಬಿಗೆ ಹಾಕಿದೆ. "ಶುಕ್ರವಾರವಾ?" ಅಂತ ಕೇಳಿದರೆ ಏನು ಹೇಳಲಿ? ಅಷ್ಟರಲ್ಲಿ ಆಯೇಷಾ ಓಡಿಬಂದಳು.

"ಅಕ್ಕಾರ, ಇವತ್ತರ ಬಿಡ್ತೀರೇನ್ರೀ? ಅಪ್ಪಾ ಮೂರಕ್ಕ ಎದ್ದು ಕುಂತಾರ."

"ಬಿಡ್ತೀನಿ ತಾಳೆ ಮಾರಾಯ್ತಿ," ಅಂದೆ. ಬಟ್ಟೆ ತಗೊಂಡು ಗೆರೆ ಒರೆಸಿದೆ, ಬಟ್ಟೆಯನ್ನು ರಂಗಕ್ಕನ ಬಕೆಟ್ಟಿಗೆ ಎಸೆದೆ, ಮೇಜಿನ ಹತ್ತಿರ ಹೋಗಿ ಪುಸ್ತಕ ತೆರೆದೆ. ಬೆರಳು ಮುಟ್ಟಿಸಲಿಲ್ಲ. ನನ್ನ ಹೆಸರಿನ ಮೊದಲ ಅಕ್ಷರವೂ ಬಿದ್ದಿತ್ತು.

"ಅಮ್ಮಣಿ, ಇದು ಯಾವುದ ಒರೆಸಿದ್ದು?"

ರಂಗಕ್ಕ ಆ ಬಟ್ಟೆ ಹಿಡಿದು ಎದುರಿಗೆ ನಿಂತಿದ್ದಳು.

"ದೊಡ್ಡಕ್ಕನದು. ನಿಮ್ಮ ಕುಂಕುಮ," ಅಂದೆ ತಲೆ ಎತ್ತದೆ.

"ನಾ ಅದುಕ್ಕೆ ಕುಂಕುಮ ಮಡಗಿಲ್ಲ."

"ಹಬ್ಬದ ದಿನವೂ ಇಡಲಿಲ್ವಾ?"

"ಸತ್ತಿಯಮಾ ಮಡಗಿಲ್ಲ. ಆಡೀಲಿ ನೀ ಅತ್ತೆಲ್ಲ, ಅವತ್ತಿಂದ ತಿರುಗೋದುಕ್ಕೆ ಕುಂಕುಮ ನಿಲ್ಸ್‌ಬುಟ್ಟೆ. ಬರೀ ಚಕ್ರದ ಹತ್ರ ಒಂದು ಚೂರು ಅರಿಸಿನ. ನೆನ್ನೆ ಕುಂಬಳಕಾಯಿ ಒಡಿಯಾ ಮುಂಚೆ ನನ್ನ ಹಳೇ ಸೀರೆ ತಂದು ಫ್ಯಾನಿಗೆ ಪೂರ್ತಾ ಸುತ್ತಿದ್ದೆ. ಇವತ್ತು ಬೆಳಗೆ ನಾನೇ ಬಿಚ್ಚಿದ್ದು. ಆವಾಗ ಕನ್ನಡಿಯಂಗಿತ್ತು." ಬಟ್ಟೆಯ ಕೆಂಪನ್ನು ಹೆಬ್ಬೆರಳಿಗೆ ಹಚ್ಚಿ, ತೋರುಬೆರಳಿಗೆ ಉಜ್ಜಿ, ನನ್ನ ಮುಂದೆ ಹಿಡಿದಳು. "ನೀನೇ ನೋಡು. ನುಣ್ಣಗದೆ. ಹುಡಿ ಎಲ್ಲದೆ?"

ನಾನು ಅವಳ ಬೆರಳು ಮುಟ್ಟಿದೆ. ನುಣ್ಣಗೆ ಜಾರಿತು. ಒಂದು ಕಣವೂ ಇಲ್ಲ.

ಬರೆದ ಅಕ್ಷರಕ್ಕೆ ಅಡ್ಡಗೆರೆ ಎಳೆದೆ. ಆಯೇಷಾಳಿಗೆ "ಇನ್ನೊಂದು ಸಲ ನೋಡಬೇಕು" ಅಂದೆ. ಅವಳ ಮುಖ ಬಾಡಿತು. ಮುಂದಿನ ಮುಚ್ಚಳ ಬಿಚ್ಚಿ, ಹಬ್ ಅನ್ನೂ ಬ್ಲೇಡಿನ ಬುಡವನ್ನೂ ತೊಳೆದೆವು, ನಾನೂ ರಂಗಕ್ಕನೂ. ಒಣಗಿಸಿದೆವು. ಪೌಡರ್ ಡಬ್ಬಿ ತೆರೆದರೆ ಖಾಲಿ! ಹಬ್ಬದ ದಿನ ಯಾರೋ ಮುಖಕ್ಕೆ ಬಳಿದುಕೊಂಡಿದ್ದರು. ಆಯೇಷಾ ತನ್ನ ಬ್ಯಾಗಿನಿಂದ ಪೌಡರ್ ತೆಗೆದುಕೊಟ್ಟಳು. ತನ್ನ ಹಾರಾಟಕ್ಕೆ ತಾನೇ ಕಲ್ಲು ಹಾಕುತ್ತಿದ್ದೇನೆ ಎಂದು ಗೊತ್ತಿದ್ದೂ ಕೊಟ್ಟಳಲ್ಲ, ಆ ಹುಡುಗಿಯ ದೊಡ್ಡತನ ಅದು. ಹಬ್ ಎಲ್ಲ ಬೆಳ್ಳಗಾಯಿತು. ನಾನು ಹತ್ತಿ ಕೂತು ಎರಡು ನಿಮಿಷ ಇಂಜಿನ್ ಓಡಿಸಿದೆ. ನಿಲ್ಲಿಸಿ ಇಳಿದಾಗ ಮೂವರೂ ಪ್ರೊಪೆಲರಿನ ಮುಂದೆ ಸೇರಿದೆವು.

ಬಿಳಿಯ ಮೇಲೆ ಕೆಂಪು. ಬ್ಲೇಡು ಹಬ್ಬಿನೊಳಗೆ ಕೂರುವ ಬಾಯಿಯ ಪಕ್ಕದಲ್ಲಿ ಹೊರಟು, ಬ್ಲೇಡಿನ ಉದ್ದಕ್ಕೆ ಹೊರಗೆ ಹರಿದಿತ್ತು. ಅದು ಹೊರಟ ಜಾಗಕ್ಕೆ ಭೂತಗನ್ನಡಿ ಹಿಡಿದೆ. ಕೂದಲಿನಂಥ ಒಂದು ಗೆರೆ. ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ತಡೆಯಿತು.

ಪುಸ್ತಕದಲ್ಲಿ ಹಾರಲು ಯೋಗ್ಯವಲ್ಲ ಎಂದು ಬರೆದು ಸಹಿ ಮಾಡಿದೆ. ಆ ಸಹಿ ಸೊಟ್ಟಗಿತ್ತು. ಆಮೇಲೆ ಬೆಂಚಿನ ಹತ್ತಿರ ಹೋಗಿ, ಅಷ್ಟು ದೂರದಿಂದ ಬಂದ ಆ ತಂದೆಗೆ ವಿಷಯ ಹೇಳಬೇಕಾಯಿತು. ಅವರು ಎದ್ದು ನಿಂತು ಎಲ್ಲ ಕೇಳಿಸಿಕೊಂಡರು. ವಿಮಾನದ ಹತ್ತಿರ ಬಂದು, ನಾನು ಹಿಡಿದ ಕನ್ನಡಿಯಲ್ಲಿ ಬಹಳ ಹೊತ್ತು ಬಗ್ಗಿ ನೋಡಿದರು. ದಾರದೆಳೆ ನೋಡಿ ಪಳಗಿದ ಕಣ್ಣು, ಕೂಡಲೇ ಕಂಡಿರಬೇಕು.

"ಮಗಳು ಹಾರೂದು ನೋಡಾಕ ಬಂದಿದ್ದೆ ಅವ್ವಾರ," ಅಂದರು, "ಹಾರಲಾರದ್ದು ನೋಡಿ ಹೊಂಟೀನಿ. ದೇವರು ದೊಡ್ಡಾಂವ." ಅಷ್ಟು ಹೇಳಿ ರಂಗಕ್ಕನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಅವಳು ಗಾಬರಿಯಾಗಿ ಒದ್ದೆ ಬಟ್ಟೆಯ ಸಮೇತ ಕೈ ಜೋಡಿಸಿದಳು. ಹುಬ್ಬಳ್ಳಿಯ ಮಾತು ಅವಳಿಗೆ ಅರ್ಧ ತಿಳಿದಿತ್ತೋ ಇಲ್ಲವೋ. ಆಯೇಷಾ ಆಗ ಅತ್ತಳು, ನಾನೂ ಅತ್ತೆ, ಈ ಸಲ ಗೋದಾಮಿನ ಹಿಂದೆ ಹೋಗಲಿಲ್ಲ.

ಸುಂದರಂ ಸಾರ್‌ಗೆ ಫೋನು ಮಾಡಿದೆ. ಗೆರೆ ಎಲ್ಲಿಂದ ಹೊರಟಿತ್ತು ಎಂದು ಮೊದಲು ಕೇಳಿದರು. ಆಮೇಲೆ, "ಯಾರು ಹಿಡಿದದ್ದು?" ಅಂದರು. ರಂಗಕ್ಕ ಅಂದೆ. ಮಾರನೆಯ ದಿನ ಮೊದಲ ಬಸ್ಸಿಗೆ ಬಂದವರು, ನೇರ ಅವಳ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ನಿಂತರು. ಅಂಥ ಮನುಷ್ಯ ಚಪ್ಪಲಿ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪ್ರೊಪೆಲರು ಬಿಚ್ಚಿ ಪರೀಕ್ಷೆಗೆ ಹೋಯಿತು, ಬಿರುಕು ನಿಜ ಎಂದು ಬರೆದು ಬಂತು. ಇನ್ನೆಷ್ಟು ಹಾರಾಟ ತಾಳುತ್ತಿತ್ತು ಎಂದು ಯಾರೂ ಹೇಳಲಾರರು. ಪುಸ್ತಕದಲ್ಲಿ ದೋಷ ಕಂಡವರ ಹೆಸರು ಬರೆಯುವ ಜಾಗದಲ್ಲಿ ಲೈಸೆನ್ಸ್ ನಂಬರು ಬೇಕು. ಹಾಗಾಗಿ ಅಲ್ಲಿ ನನ್ನ ಹೆಸರಿದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿರುಕು ಸಿಕ್ಕ ದಿನ ಸಂಜೆ ಕೊನೆಗೂ ರಂಗಕ್ಕನ ಕ್ಷಮೆ ಕೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳು.

"ಕುಂಕುಮ ನಿಲ್ಲಿಸಿದ್ದು ಯಾಕೆ ಹೇಳಲಿಲ್ಲ ರಂಗಕ್ಕ?"

"ಹೇಳಾಕೇನದೆ? ನಿನ್ನ ಮಾನ ಹೋಯ್ತು ಅಂದೆಲ್ಲ." ಕೈಯಲ್ಲಿದ್ದ ಬಟ್ಟೆ ಹಿಂಡಿಟ್ಟು ಹೇಳಿದಳು: "ನಂಗೆ ಭಯ ಇತ್ತು ಅಮ್ಮಣಿ. ಪೊಟ್ಟು ಇಡ್ದೆ ಪೂಜೆ ಮಾಡದು ಪಾಪ ಅಂತಾಳೆ ನಮ್ಮತ್ತೆ. ಒಂದೊಂದು ವಾರಾನೂ ದೊಡ್ಡಕ್ಕನ ಮುಂದೆ ಕೈ ಮುಗ್ದು, 'ತಾಯೀ, ಈ ಹೆಣ್ಣು ಊರು ಬಿಟ್ಟು ಬಂದು ಅಳ್ತಾ ಅದೆ, ನಿಂಗೆ ಅರಿಸಿನ ಸಾಕು, ಮನಸ್ಸಲ್ಲಿ ಮಡಿಕಬ್ಯಾಡ' ಅಂತಿದ್ದೆ."

ನಾನು ಬೈದಿದ್ದೆ. ಅವಳು ನನ್ನ ಪರವಾಗಿ ಒಂದು ಯಂತ್ರದ ಹತ್ತಿರ, ದೇವರ ಹತ್ತಿರ, ವಾರವಾರವೂ ಕ್ಷಮೆ ಕೇಳುತ್ತಿದ್ದಳು. ಆ ಕ್ಷಮೆಯಿಂದ ಒಬ್ಬ ಹುಡುಗಿ ಬದುಕಿದಳು, ಅವಳ ಜೊತೆ ನಾನೂ.

ಹೊಸ ಪ್ರೊಪೆಲರು ಬಂದ ಮೇಲೆ ಆಯೇಷಾ ಒಬ್ಬಳೇ ಹೋಗಿಬಂದಳು. ಅವಳಪ್ಪ ಆ ಸಲ ಬರಲಾಗಲಿಲ್ಲ, ಫೇಡೆ ಕಳಿಸಿದ್ದರು. ಅದರಲ್ಲಿ ಅರ್ಧ ರಂಗಕ್ಕನ ಹೆಸರಿಗೇ ಇತ್ತು. ಮುಂದಿನ ವರ್ಷ ನಾನು ಬೇರೆ ಕಡೆ ಕೆಲಸಕ್ಕೆ ಹೋದೆ. ಈಗ ನನ್ನ ಕೈಕೆಳಗೆ ಕಲಿಯುವವರು ಇದ್ದಾರೆ. ಕಣ್ಣು ಆಮೇಲೆ, ಮೊದಲು ಬೆರಳು ಅನ್ನುತ್ತೇನೆ. ಒರೆಸುವವರನ್ನು ಕೇಳದೆ ಸಹಿ ಮಾಡಬೇಡಿ ಅಂತಲೂ ಅನ್ನುತ್ತೇನೆ. ಎರಡನೆಯದು ಯಾವ ಪುಸ್ತಕದಲ್ಲೂ ಇಲ್ಲ.

ಅವಿನಾಶಿಯಲ್ಲಿ ಬಸ್ಸಿಳಿದು ಅವಳ ಮನೆ ತಲುಪುವಾಗ ಮಳೆ ನಿಂತಿತ್ತು. ಚಪ್ಪರದ ತುಂಬ ನೆಂಟರು. ರಂಗಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ, ಮಂಡಿ ನೋವೆಂದು ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ನನ್ನನ್ನು ಕಂಡದ್ದೇ ಕುಂಟಿಕೊಂಡು ಬಾಗಿಲಿಗೆ ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು. ಬಗ್ಗು ಅಂದಳು, ಬಗ್ಗಿದೆ. ಹಣೆಯ ಹತ್ತಿರ ತಂದ ಬೆರಳನ್ನು ಅಲ್ಲೇ ನಿಲ್ಲಿಸಿ, ನೆಂಟರಿಗೆಲ್ಲ ಕೇಳುವ ಹಾಗೆ ಕೇಳಿದಳು:

"ಇನ್ನೂ ಊರೂರು ತಿರುಗ್ತಾನೇ ಇದ್ದೀಯಾ, ನಿಂತ್ಕಂಡಿದ್ದೀಯಾ? ತಿರುಗೋದುಕ್ಕೆ ನಾ ಕುಂಕುಮ ಮಡಗಲ್ಲ."

"ನಿಂತಿದ್ದೀನಿ ರಂಗಕ್ಕ," ಅಂದೆ. "ಇವತ್ತೊಂದಿನ ಇಲ್ಲೇ ನಿಂತಿದ್ದೀನಿ."

ಆಮೇಲೆ ಇಟ್ಟಳು.